ಎವೆಲಿಯೋ ಮೇಷ್ಟ್ರ ಕಳಂಕವಿಲ್ಲದ ಹದಿನಾಲ್ಕು ವರ್ಷ

ಮನಿಸಾಲೆಸ್ ಊರಿನ ಕಡಿದಾದ ಇಳಿಜಾರಿನ ಮೂಲೆಯಲ್ಲಿ, ಬೆಳಿಗ್ಗೆ ಎಂಟಕ್ಕೆ, ಹಸಿರು ಕಾರೊಂದು 'ನಿಲ್ಲಿ' ಎಂಬ ಫಲಕಕ್ಕೆ ಕವಡೆ ಕಿಮ್ಮತ್ತೂ ಕೊಡದೆ ಅಡ್ಡಬೀದಿಯಿಂದ ನುಗ್ಗಿ ಎವೆಲಿಯೋ ಗ್ರಿಸಾಲೆಸನ ಹಳೆಯ ಕಾರಿಗೆ ಗುದ್ದಿತು. ಬಾಗಿಲು ಹಪ್ಪಳವಾಯಿತು.

ಎವೆಲಿಯೋ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹದಿನಾಲ್ಕು ವರ್ಷಗಳಲ್ಲಿ ಅವನ ಹೆಸರಿಗೆ ಒಂದು ತಪ್ಪೂ ಅಂಟಿರಲಿಲ್ಲ. ಅಪಘಾತದ ವರದಿಯಲ್ಲಿ ತಪ್ಪಿತಸ್ಥನೆಂದು ಹೆಸರು ಬಂದ ಮೇಷ್ಟ್ರನ್ನು ಸ್ಕೂಲಿನ ಮಾಲೀಕರು ಕಾರಿನಿಂದ ಇಳಿಸಿ, ಅರ್ಜಿಗಳಿಗೆ ಫೋಟೋ ಅಂಟಿಸಲು ಕೂರಿಸುತ್ತಿದ್ದರು. ಅದಕ್ಕಿಂತ ಸಾಯುವುದೇ ಮೇಲೆಂಬುದು ಎವೆಲಿಯೋನ ಖಚಿತ ಅಭಿಪ್ರಾಯ.

ವಿಮಾ ಕಂಪನಿಯ ಸರ್ವೇಯರ್ ಬೈಕಿನಲ್ಲಿ ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಇಡೀ ಬೀದಿಯೇ ಸಾಕ್ಷಿ ಹೇಳಲು ನಿಂತಿತ್ತು.

"ನಮ್ಮ ಮೇಷ್ಟ್ರದ್ದೇನೂ ತಪ್ಪಿಲ್ಲ ಕಣಪ್ಪಾ," ಎಂದಳು ಕಾಫಿ ಮಾರುವ ದೋನ್ಯ ರುಬಿಯೆಲಾ. "ಪಾಪ, ಕಿಟಕಿಯಿಂದ ಕೈ ಚಾಚಿ ನನ್ನತ್ರ ಕಾಫಿ ಇಸ್ಕೊಳ್ತಿದ್ರು, ಅಷ್ಟೆ."

"ಗಾಡಿ ಓಡ್ತಿರುವಾಗಲೇ?" ಸರ್ವೇಯರನ ಪೆನ್ನು ಚುರುಕಾಯಿತು.

"ಓಡೋದೇನು ಬಂತು? ರಸ್ತೆ ಮಧ್ಯ ಆರಾಮಾಗಿ ನಿಂತಿದ್ರು!" ಕ್ಷೌರಿಕ ಗಿಲ್ದಾರ್ದೊ ಕತ್ತರಿ ಸಮೇತ ಓಡಿಬಂದ. "ದಿನಾ ಅಲ್ಲೇ ನಿಲ್ಲೋದು. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಬೀದಿ ಒಕ್ಕೊರಲಿನಿಂದ ಹೌದೆಂದಿತು. ಎವೆಲಿಯೋ ಇಣುಕಿ ನೋಡಿದ. ವರದಿಯಲ್ಲಿ 'ತಪ್ಪು: ಅರ್ಧರ್ಧ' ಎಂದಿತ್ತು.

"ದೋನ್ ಗಿಲ್ದಾರ್ದೊ, ನಿಮ್ಮ ಕಾಲಿಗೆ ಬೀಳ್ತೀನಿ, ಅಂಗಡಿಗೆ ಹೋಗಿ!" ಎಂದು ಅಂಗಲಾಚಿದವನು ಸರ್ವೇಯರನ ಕಡೆ ತಿರುಗಿದ. "ಸಾರ್, ಒಂದೇ ನಿಮಿಷ. ಹಸಿರು ಕಾರಿನ ಈಯಮ್ಮನಿಗೆ ಗಾಡಿ ಓಡಿಸೋಕೆ ಬರುತ್ತಾ ಅಂತ ನಾನೇ ಪರೀಕ್ಷೆ ಮಾಡ್ತೀನಿ."

ಹಸಿರು ಕಾರಿನ ಒಡತಿ, ಲೂಸ್ ದಾರಿ ಎಂಬ ಮೂವತ್ತರ ಹೆಂಗಸು, ಕಾರಿಗೆ ಒರಗಿ ನಿಂತಿದ್ದಳು. ಈಗ ಕೈಕಟ್ಟಿ ನೆಟ್ಟಗೆ ನಿಂತಳು.

"'ನಿಲ್ಲಿ' ಅನ್ನೋ ಫಲಕ ಕಂಡ್ರೆ ಏನ್ಮಾಡ್ಬೇಕು?"

"ಹಾರ್ನ್ ಹೊಡೆದು ಹೋಗ್ತಿರ್ಬೇಕು."

"ಮೂಲೇಲಿ ಮೊದಲು ಹೋಗೋ ಹಕ್ಕು ಯಾರಿಗೆ?"

"ಅರ್ಜೆಂಟ್ ಇರೋರಿಗೆ."

"ಇಳಿಜಾರಲ್ಲಿ ಬ್ರೇಕು?"

"ಮುಟ್ಟಬಾರದು. ಸವೆದುಹೋಗುತ್ತೆ."

ಬೀದಿ ಬಿದ್ದು ಬಿದ್ದು ನಕ್ಕಿತು. ಎವೆಲಿಯೋನ ಮುಖ ಅರಳಿತು. "ಕೇಳಿದ್ರಾ ಸಾರ್? ಇಂಥವಳನ್ನ ರಸ್ತೆಗೆ ಬಿಟ್ಟ ಮಹಾನುಭಾವನದ್ದೇ ನಿಜವಾದ ತಪ್ಪು! ಅವನ ಹೆಸರೂ ವರದೀಲಿ ಬರೀರಿ. ಬಿಡಬೇಡಿ!"

"ನ್ಯಾಯವಾದ ಮಾತು," ಎಂದ ಸರ್ವೇಯರ್. 'ಅರ್ಧರ್ಧ' ಹೊಡೆದುಹಾಕಿದ. ಗುದ್ದಿದ್ದು ಹಸಿರು ಕಾರು, ಕಾರಣ ಕೆಟ್ಟ ತರಬೇತಿ ಎಂದು ಬರೆದು, ಲೂಸ್ ದಾರಿಯ ಲೈಸೆನ್ಸ್ ಇಸಿದುಕೊಂಡು ನೋಡಿದ. "ಲೈಸೆನ್ಸ್ ಬಂದು ಮೂರೇ ವಾರ ಆಗಿದೆ. ಯಾರಮ್ಮಾ ಕಲಿಸಿದ್ದು?"

ಲೂಸ್ ದಾರಿ ಸಂಕೋಚದಿಂದ ಎವೆಲಿಯೋನತ್ತ ಕೈ ತೋರಿಸಿದಳು.

"ಇವರೇ. ಪಾಠ ಪೂರ್ತಿ ಫೋನಲ್ಲಿ ಫುಟ್‌ಬಾಲ್ ನೋಡ್ತಿದ್ರಲ್ಲ, ಅದಕ್ಕೇ ನನ್ನ ಮುಖ ಗುರುತು ಸಿಕ್ಕಿಲ್ಲ. ಆದ್ರೆ ಮೇಷ್ಟ್ರೇ, ನೀವು ಹೇಳಿಕೊಟ್ಟಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸಿದೆ, ಅಲ್ವಾ?"

ಸರ್ವೇಯರ್ ಸ್ಫುಟವಾದ ಅಕ್ಷರಗಳಲ್ಲಿ ಹೆಸರು ಬರೆದು, ಹಾಳೆಯನ್ನು ಎವೆಲಿಯೋನ ಮುಂದೆ ಹಿಡಿದ.

"ಗುದ್ದಿಸಿಕೊಂಡವರು ಇಲ್ಲಿ ಸಹಿ ಮಾಡಿ. ಕಲಿಸಿದವರು ಇಲ್ಲಿ."