ತುಳಜಾರಾಮ ಪರದೆ ಹಿಡಿದದ್ದು

ನಾಗನಾಥನ ಬಚ್ಚಲ ನೀರು ಗೋಡೆಯ ಬುಡ ಹಿಡಿದು ಬಂದು ಪಕ್ಕದ ಮನೆಯ ತುಳಜಾರಾಮನ ಹಗೇವಿಗೆ ಇಳಿಯುತ್ತಿತ್ತು. ಅಂಗಳದ ನೆಲದಡಿಯ ಆ ಹಗೇವಿನಲ್ಲಿ ಇಡೀ ವರ್ಷದ ಜೋಳವಿತ್ತು. ಹೋದ ವರ್ಷ ಅರ್ಧ ಕೊಳೆತಿತ್ತು. ಈ ವರ್ಷವೂ ಕೊಳೆತರೆ ಮಕ್ಕಳಿಗೆ ಮಣ್ಣು ತಿನ್ನಿಸಬೇಕಿತ್ತು. ತುಳಜಾರಾಮನಿಗೆ ಮೈಯೆಲ್ಲ ಉರಿದು, ಹುಮನಾಬಾದಿನ ಕೋರ್ಟಿಗೇ ಹೋಗುತ್ತೇನೆಂದು ಬಸ್ಸಿಗೆ ಹೊರಟ.

ಊರ ಹಿರಿಯ ಮಹಾರುದ್ರಪ್ಪ ಪಾಟೀಲರು ದಾರಿಯಲ್ಲೇ ತಡೆದರು. ಜಗಳವಾಡಿದ ಇಬ್ಬರಿಗೂ ಬಯಲಾಟದ ಪರದೆಯ ಒಂದೊಂದು ತುದಿ ಹಿಡಿಸುವುದು ಆ ಊರಿನ ಪದ್ಧತಿ. ಎದುರುಬದುರು ನಿಂತರೆ ಎಂಥ ಹಗೆಯೂ ಕರಗುತ್ತದಂತೆ. ಕರಗದವರ ಲೆಕ್ಕ ಯಾರೂ ಇಟ್ಟಿರಲಿಲ್ಲ.

“ಮೊದಲ ಯಾರು ಕೈ ಬಿಡ್ತಾರ, ತಪ್ಪು ಅವರ್ದು” ಎಂದರು ಪಾಟೀಲರು. ಕತ್ತಲಲ್ಲಿ ಮೋಸವಾದೀತೆಂದು ಆಟವನ್ನು ಹಗಲಿಗೇ ಇಟ್ಟರು.

ಬಸವಕಲ್ಯಾಣದ ಕಡೆಯಿಂದ ಇಪ್ಪತ್ತು ಜನರ ಮೇಳ ಬಂತು. ಪಾತ್ರ ಬಂದಾಗ ಪರದೆ ಇಳಿಸಬೇಕು; ಇಳಿಸಿದರೆ ಸೋತೆ ಎಂದಾರೆಂದು ಇಬ್ಬರೂ ಇಳಿಸಲಿಲ್ಲ. ಹಿಂದೆ ನಿಂತ ಅರ್ಜುನ ಪದ ಹಾಡಿ ಹಾಡಿ ಗಂಟಲು ಕೆಡಿಸಿಕೊಂಡ. ಜನರಿಗೆ ಕಂಡದ್ದು ಅವನ ಪಾದ ಮಾತ್ರ. ಕೊನೆಗೆ ಪಾಂಡವರೈವರೂ ಬೈಯುತ್ತ ಪರದೆ ಸುತ್ತಿ ಬಂದು ಮುಂದೆಯೇ ಕುಣಿದರು.

ಮಧ್ಯಾಹ್ನ ತುಳಜಾರಾಮನ ಮೂಗಿನ ಮೇಲೆ ನೊಣ ಕೂತಿತು. ಓಡಿಸುವಂತಿಲ್ಲ. ನೆರೆಯ ಹುಸೇನ ಬಿಡಬೇಡವೆಂದ, ದತ್ತಾತ್ರಿ ಬಿಟ್ಟುಬಿಡು ಎಂದ. ಒಬ್ಬನೂ ನೊಣ ಹೊಡೆಯಲಿಲ್ಲ. ಹೆಂಡತಿ ಶೇವಂತಾಬಾಯಿ ರೊಟ್ಟಿ ಮುರಿದು ಬಾಯಿಗೆ ತುರುಕಿದಳು.

“ಜ್ವಾಳ ನೆನಪಿರಲಿ. ಕೈ ಬಿಟ್ಟೀರಿ, ಮತ್ತ” ಎಂದಳು.

ಹೊತ್ತು ಇಳಿಯುವಾಗ ನಾಗನಾಥ ಇದ್ದಕ್ಕಿದ್ದಂತೆ ತುದಿ ಬಿಟ್ಟ. ತಪ್ಪು ತನ್ನದೇ ಎಂದು ಕೈ ಮುಗಿದು ಮನೆಗೆ ಓಡಿದ. ಪಾಟೀಲರು ಕಣ್ಣೊರೆಸಿಕೊಂಡು, ನಾಳೆಯಿಂದ ಅವನ ನೀರು ಬೇರೆ ಕಡೆ ಹರಿಯಬೇಕೆಂದು ತೀರ್ಪು ಕೊಟ್ಟರು. ತುಳಜಾರಾಮ ಮರಗಟ್ಟಿದ ಕೈಗಳನ್ನು ಜೋತುಬಿಟ್ಟುಕೊಂಡು, ಗೆದ್ದೆನೆಂದು ಮನೆಗೆ ಬಂದ.

ಗೋಡೆಯ ಬುಡದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಹಿಂದೆಯೇ ಹಳದಿ ಬಂತು, ಆಮೇಲೆ ಹಸಿರು. ಎಲ್ಲವೂ ನೆಟ್ಟಗೆ ಹಗೇವಿನತ್ತ ಹೊರಟಿತ್ತು. ಹಣಿಕಿ ನೋಡಿದರೆ ನಾಗನಾಥನ ಅಂಗಳದಲ್ಲಿ ಬಣ್ಣದ ಮುಖದ ಮೇಳವೆಲ್ಲ ಹೆಗಲಿಗೆ ಟವೆಲ್ ಹಾಕಿ ಸಾಲು ನಿಂತಿದೆ, ಹಂಡೆಯಲ್ಲಿ ನೀರು ಕುದಿಯುತ್ತಿದೆ.

“ರಾಜಿ ಆದ ಖುಷಿಗಿ ಎಲ್ಲಾರಿಗೂ ಜಳಕಾ ಮಾಡಿಸಾಕತ್ತೇನಿ ಅಣ್ಣಾ. ನೀರ ಕಾಯಿಸೋದಿತ್ತು, ಅದಕ್ಕ ಕೈ ಬಿಟ್ಟೆ” ಎಂದ ನಾಗನಾಥ.

ತುಳಜಾರಾಮನ ನೆತ್ತಿಗೆ ಬೆಂಕಿ ಬಿದ್ದಂತಾಯಿತು. ಪಾಟೀಲರ ಹತ್ತಿರ ಓಡಿ ಹೋಗಿ ಕಿರುಚಾಡಿದ.

“ಫೈಸಲಾ ನಾಳಿಂದಲ್ಲೇನಪಾ” ಎಂದರು ಅವರು, ಬಹಳ ಸಮಾಧಾನದಿಂದ.

ತುಳಜಾರಾಮ ಮನೆಗೆ ಮರಳಿ, ನೀರಿಗೆ ಮಣ್ಣು ಅಡ್ಡ ಹಾಕೋಣವೆಂದು ಸಲಿಕೆಗೆ ಬಗ್ಗಿದ. ಬೆರಳು ಮಡಚಲಿಲ್ಲ, ತೋಳು ಏಳಲಿಲ್ಲ. ಸಿಟ್ಟಿನಿಂದ ಅಳು ಬಂತು. ಒಂದು ಸಲಿಕೆ ಮಣ್ಣು ಹಾಕಲು ಯಾರಾದರೂ ಬನ್ನಿರೆಂದು ಕೂಗಿಕೊಂಡ.

ಎಲ್ಲರೂ ಬರುತ್ತೇವೆಂದರು, ಜಳಕ ಆದ ಮೇಲೆ.