ಅವ್ವನಿಗೆ ಬಗ್ಗಿದ ಗಾಡಿ

ಮೊದಲೇ ಕ್ಷಮೆ ಕೇಳುತ್ತೇನೆ, ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ. ಶಹಾಪುರದಲ್ಲಿ ಗ್ಯಾರೇಜ್ ಇಟ್ಟವನು ನಾನು. ಕೈಗೆ ನಟ್ಟು ತಿರುವುವ ಪಾನಾ ಒಗ್ಗಿದೆ, ಪೆನ್ನು ಇನ್ನೂ ಒಗ್ಗಿಲ್ಲ. ಹಳೆಯ ಗಾಡಿ ಕೊಳ್ಳುವವರು, ಅಂದರೆ ಇನ್ನೂ ಕೊಂಡಿರದವರು, ಪರೀಕ್ಷೆಗೆ ನನ್ನನ್ನು ಕರೆದೊಯ್ಯುತ್ತಾರೆ. ಆಗೆಲ್ಲ ಇಂಥದ್ದೇನಾದರೂ ನಡೆದೇ ನಡೆಯುತ್ತದೆ.

ಪೆಡಲ್

ಸುರಪುರದ ಒಬ್ಬ ಕುರಿ ವ್ಯಾಪಾರಿಗೆ ದೊಡ್ಡ ಐಷಾರಾಮಿ ಗಾಡಿ ಬೇಕಿತ್ತು, ಕೆಸರು ಕಲ್ಲು ಎಲ್ಲದರಲ್ಲೂ ಹೋಗುವಂಥದ್ದು. ಮನೆಮಂದಿಯೆಲ್ಲ ಹಿಡಿಸಬೇಕು ಎನ್ನುವುದು ಒಂದು ಕಾರಣ. ನಿಜವಾದ ಕಾರಣ ಅವರ ತಾಯಿ. ಆಕೆಗೆ ಮೊಣಕಾಲು ನೋವು. ಜೀಪಿಗೆ ಪ್ರತಿ ಸಲ ಚೀಲದಂತೆ ಎತ್ತಿ ಹಾಕುತ್ತಾರೆಂದು ಸಿಟ್ಟಾಗಿ, ಎಲ್ಲಿಗೂ ಹೊರಡುವುದನ್ನೇ ಬಿಟ್ಟಿದ್ದರು.

ಯಾದಗಿರಿಯಲ್ಲಿ ಒಂದು ಗಾಡಿ ಇತ್ತು. ವ್ಯಾಪಾರಿ ಟಗರಿನ ಬೆನ್ನು ಒತ್ತಿ ನೋಡುವಂತೆ ಬಾನೆಟ್ ಒತ್ತಿ ನೋಡಿದರು. ನಾನು ಬ್ರೇಕ್ ಪೆಡಲ್ ನೋಡಿದೆ. ಮೀಟರಿನ ಪ್ರಕಾರ ಓಡಿದ್ದು ಕಡಿಮೆ, ಪೆಡಲಿನ ರಬ್ಬರ್ ಮಾತ್ರ ಸವೆದು ಬೋಳಾಗಿತ್ತು. ಮೀಟರು ತಿರುವಿದ್ದಾರೆ ಎಂದರ್ಥ. ಕೇಳಿದರೆ, ಹಿಂದಿನ ಮಾಲೀಕರಿಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೂರುವ ಚಟ ಎಂದ ಮಾರುವವ.

"ಹಂಗಾದ್ರ ನಿಲ್ಲಸಾಕಂತನ ಗಾಡಿ ತಗೊಂಡಿದ್ರೇನ್ರಿ?" ಎಂದರು ವ್ಯಾಪಾರಿ.

ಸಲಾಮು

ಆದರೂ ಅವ್ವನಿಗೊಮ್ಮೆ ತೋರಿಸೋಣ ಎಂದು ಮರುದಿನ ಬೆಳಿಗ್ಗೆ ತಾಯಿಯನ್ನು ಕರೆತಂದರು. ನಿನ್ನೆ ಎದೆ ಸೆಟೆಸಿ ನಿಂತಿದ್ದ ಗಾಡಿ ಇಂದು ಹೊಟ್ಟೆ ನೆಲಕ್ಕೆ ತಾಗುವಂತೆ ಕೂತಿತ್ತು.

"ಹಿರೇರು ಬಂದ್ರ ಬಗ್ತದ್ರಿ ಇದು," ಎಂದ ಮಾರುವವ.

ತಾಯಿ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಮಗನ ಕಣ್ಣು ಒದ್ದೆಯಾಯಿತು. ನಾನು ವಿವರಿಸಿದೆ: ಇದರಲ್ಲಿ ಸ್ಪ್ರಿಂಗ್ ಬದಲು ಗಾಳಿಚೀಲಗಳಿವೆ, ಗುಂಡಿ ಒತ್ತಿದಾಗ ಬಗ್ಗಿದರೆ ಸೌಕರ್ಯ, ನಿಲ್ಲಿಸಿಟ್ಟಲ್ಲೇ ಕುಸಿದರೆ ಸೋರಿಕೆ.

"ಮಿಸ್ತ್ರಿ, ನಿಮಗ ಗಾಡಿ ನಿಂತ್ರೂ ರೋಗ, ಕುಂತ್ರೂ ರೋಗ," ಎಂದರು ವ್ಯಾಪಾರಿ.

ಇಳಿಯುವುದು

ಮಾರುವವ ಗಾಡಿ ಚಾಲೂ ಮಾಡಿದ. ಮೂರು ಮೂಲೆ ಎದ್ದವು, ಹಿಂದಿನ ಎಡಮೂಲೆ ಏಳಲಿಲ್ಲ. ತಾಯಿ ವಾಲಿಕೊಂಡೇ ಕೂತು, ಸಾಕು, ಇಳಿಯುತ್ತೇನೆ ಎಂದರು. ಆದರೆ ಅವರ ಬಲಬದಿಯ ಬಾಗಿಲು ಈಗ ಎದೆಯೆತ್ತರ. ಗುಂಡಿ ಒತ್ತಿದರೆ ಗಾಡಿ ಬಗ್ಗಲೊಲ್ಲದು. ಮಗ ಎತ್ತಿಕೊಳ್ಳಲು ಹೋದರೆ ಆಕೆ ದುರುಗುಟ್ಟಿ ನೋಡಿದರು. ಎಷ್ಟೊತ್ತಿಗೆ ಕೆಳಗಿಳಿಯುತ್ತದೆ ಎಂದು ಮಗ ಕೇಳಿದರು.

"ಸಂಜಿ ಮಟ ತಡೀರಿ, ಗಾಳಿ ಸಾವಕಾಶ ಸೋರತದ," ಎಂದುಬಿಟ್ಟ ಮಾರುವವ.

ಆಮೇಲೆ ಮೇಲಿನಿಂದ ಅವ್ವನ ತೀರ್ಪು ಬಂತು.

"ರೊಟ್ಟಿ ಇಲ್ಲೇ ಕೊಡು ತಮ್ಮಾ. ಇದು ಇಳದ ಮ್ಯಾಲ ಬ್ಯಾರೇದು ನೋಡೂಣು."

ಇಲ್ಲಿ ವಾಲ್ವಿನ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಓದಿದವರಿಗೆ ಅರ್ಥವಾಗುವುದಿಲ್ಲ. ಪ್ರತಿ ಗಾಳಿಚೀಲಕ್ಕೂ ಒಂದೊಂದು ವಾಲ್ವ್ ಇರುತ್ತದೆ, ಅದರೊಳಗೆ ರಬ್ಬರಿನ ಸಣ್ಣ ಬಳೆ, ಆ ಬಳೆ ಒಣಗಿದರೆ ಮೊದಲು…

ತಡೆಯಿರಿ, ವ್ಯಾಪಾರಿ ನನ್ನ ಗ್ಯಾರೇಜಿನ ಮುಂದಿನ ರಸ್ತೆಯಿಂದಲೇ ಕೂಗುತ್ತಿದ್ದಾರೆ.

"ಮಿಸ್ತ್ರಿ, ಲಗೂನ ಬರ್ರಿ. ಇನ್ನೊಂದು ಗಾಡಿ ಸಿಕ್ಕದ. ಅವ್ವ ಆಗಲೇ ಹತ್ತಿ ಕುಂತಾಳ."