ಬಾಡು ತಿನ್ನಬೌದಾ, ಡಾಕ್ಟ್ರೇ?

ಇನ್ನು ಈ ಜನ್ಮದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಮಂಡ್ಯದ ಗುತ್ತಲಿನ ಪುಟ್ಟರಾಜು ಭೀಷ್ಮಪ್ರತಿಜ್ಞೆ ಮಾಡಿದ. ಆಸ್ಪತ್ರೆಯ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಜೊತೆಗೆ ಬರುವ ಹೆಂಡತಿಯ ಮೇಲೆ! ಡಾಕ್ಟರು "ಏನಾಗ್ತಿದೆ?" ಎನ್ನುವುದೇ ತಡ, ಹೊಂಬಾಳಮ್ಮ, "ಆಗಾದೇನು ಸ್ವಾಮಿ, ಮೂರೊತ್ತೂ ಮಾಂಸ ತಿಂದವ್ರೆ!" ಎಂದು ಗಂಡನ ಜಾತಕವನ್ನೇ ಬಿಚ್ಚಿಡುತ್ತಿದ್ದಳು. ಯೂರಿಕ್ ಆಸಿಡ್ ಏರಿ ಅವನ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು, ನಿಜ. ಆದರೆ ಅದಕ್ಕಾಗಿ ಮಾಂಸವನ್ನೇ ಬಂದ್ ಮಾಡುವುದೆ?

ಅದೂ ಭಾನುವಾರ ಕೊತ್ತತ್ತಿಯಲ್ಲಿ ಭಾಮೈದ ಕೆಂಪರಾಜುವಿನ ಮಗಳ ಬೀಗರೂಟ! ಬೀಗರೂಟದಲ್ಲಿ ಅನ್ನ-ತಿಳಿಸಾರು ಉಂಡು ಬಂದವನು ಮಂಡ್ಯದಲ್ಲಿ ತಲೆಯೆತ್ತಿ ತಿರುಗುವುದುಂಟೆ?

ಹೆಂಡತಿ ಮಾರ್ಕೆಟ್ಟಿಗೆ ಹೋದ ಸಮಯ ನೋಡಿ, ಪುಟ್ಟರಾಜು ಫೋನಿನಲ್ಲೇ ಒಬ್ಬ ಡಾಕ್ಟರನ್ನು ಹಿಡಿದ. ಉಡುಪಿಯ ಕಡೆಯ ಡಾಕ್ಟರ್ ವೀಣಾ ವಿಡಿಯೋದಲ್ಲಿ ಪ್ರತ್ಯಕ್ಷರಾದರು. ಆಹಾ, ಪಕ್ಕದಲ್ಲಿ ಚಾಡಿ ಹೇಳುವವರೇ ಇಲ್ಲ!

"ಊಟಕ್ಕೆ ಏನು ತಗೊಳ್ತೀರಿ?"

"ಬರೀ ಸೊಪ್ಪುಸದೆ ಕಣಮ್ಮ. ಭಾನ್ವಾರ ಒಂದಿನ ಬಾಡು ತಿನ್ನಬೌದಾ?"

ಮಂಡ್ಯದಲ್ಲಿ ಬಾಡೆಂದರೆ ಮಾಂಸ ಎಂದು ಆ ಕಡಲತೀರದ ತಾಯಿಗೆ ಹೇಗೆ ತಿಳಿಯಬೇಕು? ಬಾಡಿದ ಸೊಪ್ಪು ಎಂದುಕೊಂಡರು.

"ಬಾಡಿದ್ದು ಎಂತಕ್ಕೆ ಮಾರಾಯ್ರೆ? ಎಳೆಯದು, ಅವತ್ತೇ ಕೊಯ್ದದ್ದು ತಿನ್ನಿ."

"ಅವತ್ತೇ ಕುಯ್ದಿದ್ದಾ! ಎಷ್ಟು ತಿನ್ನಬೌದು?"

"ಹೊಟ್ಟೆ ತುಂಬ ತಿನ್ನಿ!"

"ನೀವು ಡಾಕ್ಟ್ರಲ್ಲ, ದ್ಯಾವ್ರು ಕಣವ್ವಾ!"

ಭಾನುವಾರ ಪಂಕ್ತಿಯಲ್ಲಿ ಪುಟ್ಟರಾಜು ಮಹಾರಾಜನ ಹಾಗೆ ಕೂತ. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಅವನು ಮೂಳೆಯೊಂದನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಹೊಂಬಾಳಮ್ಮ ಎದುರಿಗೆ ಬಂದು ನಿಂತಳು.

"ಇದೇನ್ರೀ ಇದು?"

"ಡಾಕ್ಟ್ರ ಆರ್ಡರು ಕಣೇ! ನಂಬ್ಕೆ ಇಲ್ದಿದ್ರೆ ನೀನೇ ಕೇಳ್ಕೊ!" ಎಂದು ಜಂಬದಿಂದ ಫೋನನ್ನೇ ಕೊಟ್ಟುಬಿಟ್ಟ.

ಅವಳು ಅಲ್ಲೇ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿ ಕೇಳಿಯೇಬಿಟ್ಟಳು. ಅಷ್ಟೇ ಅಲ್ಲ, ಫೋನನ್ನು ಎಲೆಯ ಮೇಲೆ ಹಿಡಿದಳು. "ನೋಡಿ ಡಾಕ್ಟ್ರಮ್ಮಾ, ಇದೇ ಬಾಡು!"

"ಅಯ್ಯೋ ದೇವರೇ! ಇದು ಮಾಂಸ ಅಲ್ವಾ? ನಾನು ಹೇಳಿದ್ದು ಹರಿವೆ ಸೊಪ್ಪು! ಮೊದಲು ಆ ಮೂಳೆ ಕೆಳಗಿಡಿ!"

ಪುಟ್ಟರಾಜು ಮೂಳೆ ಕೆಳಗಿಟ್ಟ. ಕೂಡಲೇ ಹೆಂಗಸರ ಸಾಲಿನಲ್ಲಿ ಗುಲ್ಲೆದ್ದಿತು.

"ಅಕ್ಕಾ, ನಮ್ಮೆಜಮಾನ್ರಿಗೂ ಸುಗರ್ ಐತೆ, ಒಸಿ ಇತ್ಲಾಗೆ ತೋರ್ಸಕ್ಕಾ!"

"ನಮ್ಮೋರಿಗೆ ಬೀಪಿ ಕಣಕ್ಕ, ಆ ನಂಬರು ನಂಗೂ ಕೊಡು!"

ಫೋನು ಎಲೆಯಿಂದ ಎಲೆಗೆ ಹೊರಟಿತು. ಅದು ಬಂದಲ್ಲೆಲ್ಲ ಗಂಡಸರು ತುತ್ತು ಬಿಟ್ಟು ಕೈ ಹಿಂದಕ್ಕೆಳೆದುಕೊಂಡರು. ಕೊನೆಗೆ ಕೆಂಪರಾಜುವಿನ ಎಲೆಯ ಮೇಲಿನ ಬಾಡನ್ನೂ ಎತ್ತಿಬಿಟ್ಟರು. ಅವನು ಪುಟ್ಟರಾಜುವಿನ ಕಡೆ ತಿರುಗಿ ಕೈ ಮುಗಿದ.

"ನಿಮ್ ಒಂದ್ ಕಾಲ್ಬೆರಳಿಂದ ಊರ್ ಗಂಡಸ್ರೆಲ್ಲ ಸೊಪ್ಪು ತಿನ್ನಂಗಾಯ್ತಲ್ಲ, ಬಾವ!"